ನಾಲ್ಕಾಣೆ ಬಾಕಿ

ಇಸವಿಯ ಕೆಳಗೆ ನಕ್ಷತ್ರವಿದ್ದರೆ ಹೈದರಾಬಾದು,
ವಜ್ರವಿದ್ದರೆ ಮುಂಬಯಿ, ಚುಕ್ಕಿ ನೋಯ್ಡಾ,
ಏನೂ ಇಲ್ಲದ್ದು ಕಲ್ಕತ್ತೆ.
ಮಂಡಿಮೊಹಲ್ಲಾದ ಗುಜರಿ ಮುನೀರ್
ಕಿಲೋ ಲೆಕ್ಕದಲ್ಲಿ ತೂಗಿಕೊಟ್ಟ ಘೇಂಡಾಮೃಗಗಳನ್ನು
ಭೂತಗನ್ನಡಿ ಹಿಡಿದು ಊರು ಕೇಳುತ್ತೇನೆ.

ಸರ್ಕಾರ ಚಲಾವಣೆ ನಿಲ್ಲಿಸಿತು;
ಭಿಕ್ಷುಕರು ಅದಕ್ಕೂ ಮೊದಲೇ ನಿಲ್ಲಿಸಿದ್ದರು.

ಎಂಬತ್ತೊಂಬತ್ತರಲ್ಲಿ ಚಿಲ್ಲರೆಗೆ ಬರ.
ಟಿಕೆಟ್ಟಿನ ಬೆನ್ನಿಗೆ ‘೨೫ ಪೈಸೆ’ ಗೀಚಿ
ಇಳಿಯುವಾಗ ತಗೋಳಮ್ಮ, ಅಂದಿದ್ದೆ.
ಒಂಟಿಕೊಪ್ಪಲಿನಲ್ಲಿ ಇಳಿದ ಆಯಮ್ಮ
ಚೀಟಿ ಎತ್ತಿ ಹಿಡಿದು
ಬಸ್ಸಿನ ಪಕ್ಕ ನಾಲ್ಕು ಹೆಜ್ಜೆ ಓಡಿ ಬಂತು.
ಚೀಲದಲ್ಲಿ ಇತ್ತು, ಒಂದೇ ಒಂದು.
ರೈಟ್, ಅಂದೆ.

ಆಲ್ಬಮ್ಮಿನಲ್ಲಿ ಈಗ ಎಲ್ಲವೂ ಇವೆ, ಟಂಕಸಾಲೆವಾರು.
ಎಂಬತ್ತೊಂಬತ್ತರ ನಕ್ಷತ್ರದ್ದು ಮಾತ್ರ ಹೊರಗೆ,
ಮೊಳೆಗೆ ನೇತುಹಾಕಿದ ಚರ್ಮದ ಚೀಲದಲ್ಲಿ.
ಮುನೀರ್ ಎಂಬತ್ತು ರೂಪಾಯಿ ಕೊಡ್ತೀನಿ ಅಂದ.
ನಂದಲ್ಲ ಕಣಯ್ಯಾ ಅದು, ಅಂದೆ.