ಸ್ಥಾನ ಬದಲಾವಣೆ

ಏಳನೇ ತರಗತಿ. ಹಲಗೆಯ ಮೇಲೆ ಬರೆದೆ:
'ಕಾಲ ಸರಿದಂತೆ ವಸ್ತುವಿನ ಸ್ಥಾನ ಬದಲಾದರೆ
ಅದು ಚಲನೆ.'
ಎಲ್ಲರೂ ಬರೆದುಕೊಂಡರು. ಕೊನೇ ಬೆಂಚಿನ ಲಿಖಿತ್ ಕೇಳಿದ:
'ಮಿಸ್, ನಿಂತ ನೀರು?'
ಸೀಮೆಸುಣ್ಣ ಕೈಯಲ್ಲೇ ಉಳಿಯಿತು.

ನಮ್ಮ ತಾತ ಜವರಯ್ಯ, ನೀರುಗಂಟಿ.
ಜವ ಅಂದರೆ ವೇಗ, ಜವ ಅಂದರೆ ಯಮನೂ ಹೌದು.
ತಾತ ಎರಡೂ ಅಲ್ಲ,
ನಿಧಾನದ ಮನುಷ್ಯ. ಹೆಗಲಿಗೆ ಗುದ್ದಲಿ,
ಕಂಕುಳಲ್ಲಿ ಸೆಲ್ಲು ಇಳಿದ ಟಾರ್ಚು,
ಹುಲಿಕೆರೆ ಸುರಂಗ ದಾಟಿ ಬಂದ ನೀರಿಗಿಂತ
ಒಂದು ಹೆಜ್ಜೆ ಮುಂದೆ ನಡೆಯುತ್ತಿದ್ದ,
ದಿಬ್ಬಣಕ್ಕೆ ದಾರಿ ತೋರುವವನ ಹಾಗೆ.
ತೂಬು ಎರಡು ಗೇಣು ಎತ್ತಿದರೆ
ಯಾರ ಗದ್ದೆಗೆ ಯಾವ ಹೊತ್ತಿಗೆ
ಎಂದು ಚುಕ್ಕಿ ನೋಡಿ ಹೇಳುತ್ತಿದ್ದ.
ಕಾಲುವೆ ಮುಗಿಯುವಲ್ಲಿನ ಗದ್ದೆಗೆ ಮೊದಲ ಸರದಿ:
ಅದು ಅವನ ನಡೆ.
ಸರದಿ ತಪ್ಪಿಸಲು ನೋಟು ಮಡಚಿ ತಂದವರಿಗೆ
'ನಡಿಯಪ್ಪ' ಅನ್ನುತ್ತಿದ್ದ, ಅಷ್ಟೇ.

ಚಳವಳಿಯ ವರ್ಷ
ಹೆದ್ದಾರಿಗೆ ಅಡ್ಡ ಎತ್ತಿನಗಾಡಿ, ಟ್ರ್ಯಾಕ್ಟರು.
ಗೆಜ್ಜಲಗೆರೆಯಿಂದ ಮದ್ದೂರಿನವರೆಗೂ ಬಸ್ಸು ನಿಂತೇ ನಿಂತವು.
ಒಂದು ಗಾಲಿಯೂ ಉರುಳದ ಆ ಮಧ್ಯಾಹ್ನಕ್ಕೆ
ಚಳವಳಿ ಅಂತ ಹೆಸರು.
ತಾತನೂ ಟಾರಿನ ಮೇಲೆ ಕೂತ, ಎಲ್ಲರ ತೊಡೆಗೆ ತೊಡೆ ತಾಗಿಸಿ.
ಒಂದೇ ಕೊಡ, ಒಂದೇ ಲೋಟ ಸುತ್ತು ಬಂತು ಅಂತ
ರಾತ್ರಿ ಅಜ್ಜಿಗೆ ಹೇಳಿದ,
ಪಿಸುದನಿಯಲ್ಲಿ, ಇನ್ನೊಬ್ಬರ ಗುಟ್ಟು ಹೇಳುವ ಹಾಗೆ.

ಮರುವಾರ ನಾಲೆಗೆ ನೀರು ಬಿಟ್ಟರು.
ಹೊಲಗದ್ದೆ ಎಲ್ಲ ತೋಯಿಸಿ ಬಂದವನು
ದೊಡ್ಡಮನೆಯ ಜಗಲಿಯ ಕೆಳಗೆ
ಬಾಗಿ ಬೊಗಸೆಯೊಡ್ಡಿದ.
ಮೇಲಿಂದ ಹುಯ್ದರು.
ಕೊಡಗಿನಿಂದ ಸದ್ದಿಲ್ಲದೆ ಬಂದ ನೀರು
ಚೊಂಬಿನಿಂದ ಬೊಗಸೆಗೆ
ಒಂದೇ ಒಂದು ಮೊಳ ಬೀಳುವಾಗ
ಸದ್ದು ಮಾಡಿತು.
ನನಗಾಗ ಆರು ವರ್ಷ.
ಅವನ ಅಂಗಿಯ ತುದಿ ಹಿಡಿದು ನಿಂತಿದ್ದೆ.

ಹಲಗೆಯ ಮೇಲಿನದು ತಪ್ಪೇನಲ್ಲ.
ಎಲ್ಲಿ ನಿಂತು ಅಳೆಯುತ್ತೇವೆ ಅನ್ನುವುದನ್ನು
ಪುಸ್ತಕ ಮುಂದಿನ ಪಾಠಕ್ಕೆ ಬಿಟ್ಟಿದೆ.

ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಬಡಿಯುತ್ತ
ಬಿಸಿಯೂಟಕ್ಕೆ ಓಡಿದರು. ಲಿಖಿತ್ ಮಾತ್ರ ಅಲ್ಲೇ,
ಕಾಲು ಕುಣಿಸುತ್ತ, ಉತ್ತರ ಸಿಗದೆ ಏಳುವವನಲ್ಲ.
ದೊಡ್ಡಮನೆಯ ಮರಿಮಗ.

ನಾಟಿ ಮುಗಿದ ಗದ್ದೆಯಲ್ಲಿ ತಾತ ಒಮ್ಮೆ
ನನ್ನ ಪಾದ ಹಿಡಿದು ಕೆಸರಿಗೆ ಇಳಿಸಿದ್ದ.
'ನಿಂತದೆ ಅಂತೀಯಲ್ಲ, ಇದು ನಿಂತಿಲ್ಲ ಕಣವ್ವ,
ಕೆಳೀಕೆ ಇಳೀತಾ ಅದೆ. ಬೇರ ಕೇಳು.'

ಊಟ ಮಾಡ್ಕೊಂಡು ಬಾ, ಅಂದೆ ಹುಡುಗನಿಗೆ,
ಗದ್ದೆಗೆ ಹೋಗೋಣ.
ಚಪ್ಪಲಿ ಇಲ್ಲೇ ಬಿಡು.