ಕಣಜ

ಬೇಲಿಯಾಚೆ ಸಮುದ್ರ, ಈಚೆ ಕೋಸು.
ವೆರಿಬಿ ಸೌತಿನ ಕೆಂಪು ಮಣ್ಣಿನ ಮೇಲೆ
ಬೆಳಗಿನ ಗಾಳಿ ಉಪ್ಪು ಉಜ್ಜುತ್ತದೆ.
ನನ್ನ ಕೆಲಸ ಎಣಿಸುವುದು:
ಸಾಲಿಗೆ ಹತ್ತು ಗಿಡ, ಗಿಡಕ್ಕೆ ಮೂರು ಎಲೆ,
ಎಲೆ ಮಗುಚಿ, ಭೂತಗನ್ನಡಿ ಹಿಡಿದು
ಹಸಿರು ಹುಳ, ಬೂದು ಹೇನು.
ಬದುಕಿದ್ದಕ್ಕೊಂದು ಗೀಟು, ಸತ್ತದ್ದಕ್ಕೊಂದು ಸೊನ್ನೆ.

ಕಾರ್ಮೆಲೊಗೆ ಸಿಟ್ಟು.
ನನ್ನ ಮಾತಿಗೆ ಕಟ್ಟುಬಿದ್ದು
ಎಂಟು ಸಾಲಿಗೊಂದು ಸಾಲು ಹೂವಿಗೆ ಬಿಟ್ಟಿದ್ದಾನೆ,
ಅಲಿಸಮ್, ನಡುನಡುವೆ ಬಕ್‌ವೀಟ್.
“ನೀರು ನಂದು, ಗೊಬ್ಬರ ನಂದು,
ಈ ಬಿಳಿ ನೊರೇನ ಯಾವ ಅಂಗಡಿ ತೂಗುತ್ತೆ?”
ಅವನಪ್ಪ ಇದೇ ಸಾಲುಗಳಲ್ಲಿ ಬೆನ್ನಿಗೆ ಡಬ್ಬಿ ಕಟ್ಟಿ
ಮಂಗಳವಾರ ಮಂಗಳವಾರ ಔಷಧಿ ಹೊಡೆದವನು;
ಕೊನೆಕೊನೆಗೆ ಹುಳಗಳು ಅದನ್ನು
ಕಾಫಿಯ ಹಾಗೆ ಕುಡಿದು
ಮತ್ತೆ ಎಲೆಗೆ ಕೂರುತ್ತಿದ್ದವಂತೆ.

ನಾನು ವಾದಿಸುವುದಿಲ್ಲ. ಮಂಡಿಯೂರುತ್ತೇನೆ.
ಹೂಸಾಲಿನ ಪಕ್ಕದ ಕೋಸಿನಲ್ಲಿ
ಒಂದು ಹೇನು ಉಬ್ಬಿ, ಒಣಗಿ, ಕಂಚಾಗಿ ಕೂತಿದೆ.
ಬೆನ್ನಲ್ಲಿ ಗುಂಡಗೆ ಕೊರೆದ ಬಾಗಿಲು,
ಮುಚ್ಚಳ ಇನ್ನೂ ನೇತಾಡುತ್ತಿದೆ.
ಒಳಗಿದ್ದದ್ದು ಉಂಡು ಹೊರಟಿದೆ.

ನಿಮ್ಮ ಭಾಷೆಯಲ್ಲಿ ಅದರ ಹೆಸರೇನು, ಕೇಳಿದ.
ಕಣಜ, ಎಂದೆ.
ನಾಲಿಗೆ ಹೊರಳಿಸಿ, “ಕನಾಜ” ಎಂದ.
ಕಾಳು ತುಂಬಿಡುವ ಗೂಡಿಗೂ ನಮ್ಮಲ್ಲಿ ಅದೇ ಮಾತು ಎಂದು
ಹೇಳಬೇಕೆನಿಸಿತು. ಗಾಳಿ ಜೋರಿತ್ತು. ಹೇಳಲಿಲ್ಲ.
ಹೇಗೆ ತಾನೆ ಹೇಳಲಿ,
ಈ ಹೇನೇ ಕಣಜ, ಒಳಗಿನ ಕೂಸೂ ಕಣಜ,
ಕಣಜ ತಿಂದು ಕಣಜ ಹೊರಬಿತ್ತು ಎಂದು?

ಒಂದು ಮಾತ್ರ ನನಗೆ ಅರಗುವುದಿಲ್ಲ.
ಹೂವು ಪಾಪದ್ದು ಎಂದುಕೊಂಡು ಬೆಳೆದವಳು ನಾನು,
ಮುಡಿಗೆ, ದೇವರಿಗೆ, ಹೆಣಕ್ಕೆ.
ಇಲ್ಲಿ ಅದು ಛತ್ರ ನಡೆಸುತ್ತಿದೆ.
ಬಂದವರಿಗೆಲ್ಲ ಜೇನು; ಉಂಡವರು ಎದ್ದು
ಪಕ್ಕದ ಮನೆಯ ಜೀವಂತ ಬೆನ್ನಿಗೆ ಮೊಟ್ಟೆ ಚುಚ್ಚಿ
ಬಾಯೊರೆಸಿಕೊಂಡು ಮತ್ತೆ ಪಂಕ್ತಿಗೆ ಬರುತ್ತಾರೆ.
ಹೂವಿಗೆ ಗೊತ್ತಿಲ್ಲ.
ನೆಡಿಸಿದವಳು ನಾನು, ನನಗೆ ಗೊತ್ತು.

ಎಲ್ಲ ಉಳಿದಿಲ್ಲ. ಸಮುದ್ರದ ಕಡೆಯ ಕೊನೇ ಸಾಲಲ್ಲಿ
ಎಲೆ ಜರಡಿಯಾಗಿದೆ, ಅಲ್ಲಿಗೆ ಹೂವಿನ ಕೈ ಮುಟ್ಟಿಲ್ಲ.
ಅದನ್ನೂ ಬರೆದೆ.
ಗೀಟು ಇಪ್ಪತ್ಮೂರು, ಸೊನ್ನೆ ಅರವತ್ತೊಂದು.
ಕೆಳಗೆ: ಈ ವಾರ ಹೊಡೆಯುವುದು ಬೇಡ.

ಅವನು ಎರಡು ಸಲ ಓದಿದ.
ಏನೂ ಅನ್ನಲಿಲ್ಲ. ಟ್ರ್ಯಾಕ್ಟರಿನ ಕೀಲಿ ಜೇಬಿಗೆ ಹಾಕಿ
ಶೆಡ್ಡಿನತ್ತ ಹೊರಟವನು
ಆ ಬಿಳಿ ನೊರೆಯ ಹತ್ತಿರ ಬಂದಾಗ
ಬೂಟುಗಾಲು ಎತ್ತರಕ್ಕೆ ಎತ್ತಿ
ದಾಟಿದ.