ಇಪ್ಪತ್ತು ನಿಮಿಷ

ಮಂಡ್ಯದ ಆಸ್ಪತ್ರೆ, ರಾತ್ರಿ ಪಾಳಿ. ಗಾಜಿನ ಕೊಳವೆಯಲ್ಲಿ
ಕೆಂಪಾಜಮ್ಮನ ಎರಡು ಮಿಲಿ ರಕ್ತ.
ಅಲುಗಿಸಬಾರದು. ಇಪ್ಪತ್ತು ನಿಮಿಷ ಕಾಯಬೇಕು.
ಹೆಪ್ಪುಗಟ್ಟಿದರೆ ಸರಿ; ನೀರಾಗೇ ಉಳಿದರೆ ಕೊಳಕುಮಂಡಲ.

"ಕಬ್ಬಿನ ಸೋಗೆ ಅಂದ್ಕೊಂಡೆ ಕನವ್ವ,
ಕುಕ್ಕರ್ ಕೂಗ್ದಂಗೆ ಕೂಗ್ತು" ಅನ್ನುತ್ತಾಳೆ,
ವಸಡಿನ ನೆತ್ತರು ಸೆರಗಿಗೆ ಒರೆಸಿಕೊಳ್ಳುತ್ತ.

ಮೊದಲ ನಿಮಿಷ. ವಿಷ ಅನ್ನುವುದೇ ಇರಲಿಲ್ಲ ಒಂದು ಕಾಲಕ್ಕೆ;
ಬಾಯಲ್ಲಿ ಜೊಲ್ಲಿತ್ತು, ಅಷ್ಟೆ, ನಮಗೆಲ್ಲ ಇರುವಂಥದೇ.
ಕುಲುಮೆಯವನು ಹುಲ್ಲು ಕೊಯ್ಯುವ ಕುಡುಗೋಲಿಗೆ
ಮರೆತು ಇನ್ನೊಂದು ಜೋಡಿ ಮಾಡಿಟ್ಟ ಹಾಗೆ
ಮೈಯೊಳಗಿನ ಒಂದು ಬರಹಕ್ಕೆ ತಪ್ಪಿ ಎರಡು ನಕಲು ಬಿತ್ತು:
ಒಂದು ಮನೆಗೆಲಸಕ್ಕೆ,
ಇನ್ನೊಂದು ಸುಮ್ಮನೆ ಸೂರಿನ ಸಂದಿನಲ್ಲಿ.
ಸುಮ್ಮನಿದ್ದದ್ದು ಮಸೆದುಕೊಂಡಿತು,
ಕೋಟಿ ಮಳೆಗಾಲ ಮಸೆದುಕೊಂಡಿತು.

ಏಳು. ಎಂಟು. ಇಲಿಯೂ ಕೈಕಟ್ಟಿ ಕೂರಲಿಲ್ಲ,
ಸಾಯದೆ ಉಳಿದ ಇಲಿಯ ಮರಿಗಳು
ಇನ್ನಷ್ಟು ಗಟ್ಟಿ ನೆತ್ತರು ಹೊತ್ತು ಬಂದವು;
ಹಾವು ಮತ್ತೆ ಮಸೆಯಿತು.
ಆ ಜಗಳದ ನಡುವೆ ನಾಲೆ ಬಂತು, ಕಬ್ಬು ಬಂತು,
ಬರಿಗಾಲಲ್ಲಿ ಕೆಂಪಾಜಮ್ಮ ಬಂದಳು.
ಅವಳ ಹೆಸರು ಆ ವ್ಯಾಜ್ಯದ ಯಾವ ಪತ್ರದಲ್ಲೂ ಇಲ್ಲ.

"ಅದ್ನ ಹೊಡೆದ್ರಾ?" ಕೇಳಿದೆ.
"ಬುಡವ್ವ. ಇಲಿ ತಿನ್ಕೊಂಡಿರ್ಲಿ."

ಇಪ್ಪತ್ತು. ಕೊಳವೆ ಓರೆ ಮಾಡುತ್ತೇನೆ:
ಕಬ್ಬಿನ ಹಾಲಿನಂತೆ ಸಲೀಸಾಗಿ ಜಾರುತ್ತದೆ.

ಯಾವುದೋ ಕುದುರೆ ತನ್ನ ರಕ್ತದಲ್ಲಿ ಕಾಯಿಸಿಕೊಟ್ಟ ಮದ್ದು;
ಶೀಶೆಗೆ ಸೂಜಿ ಚುಚ್ಚುತ್ತ
ನನ್ನ ಉಗುಳು ನುಂಗಿಕೊಳ್ಳುತ್ತೇನೆ.
ಸಪ್ಪಗಿದೆ. ಸದ್ಯಕ್ಕೆ.